ತಿರುವಿನಲ್ಲಿ ಎತ್ತಿದ ಕೈ

ನಾನು ನಿಂತಿದ್ದ ಜಾಗ ಇದು: ಬಬಲೇಶ್ವರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ರಸ್ತೆ ಬಲಕ್ಕೆ ಹೊರಳುವ ಒಂದು ತಿರುವು. ಆ ತಿರುವಿನ ಒಳಮಗ್ಗುಲು, ಡಾಂಬರಿನ ಅಂಚಿನಿಂದ ಎರಡು ಮಾರು ಹಿಂದೆ. ನನ್ನ ಬೆನ್ನಿಗೆ ಒಬ್ಬ ಸತ್ಪುರುಷನ ಗದ್ದುಗೆಯ ಕಟ್ಟೆ, ಕಟ್ಟೆಯ ಮೇಲೆ ಬೇವಿನ ಮರ. ಸಂಕ್ರಾಂತಿ ಕಳೆದು ವಾರವಾಗಿತ್ತು, ಬೆಳಿಗ್ಗೆ ಎಂಟರ ಸುಮಾರು. ಬಿಸಿಲು ನನ್ನ ಹಿಂದಿನಿಂದ ಬೀಳುತ್ತಿತ್ತು, ಹಾಗಾಗಿ ಎದುರಿನ ರಸ್ತೆ ಸ್ವಚ್ಛವಾಗಿ ಕಾಣುತ್ತಿತ್ತು. ಅದು ಯಾರ ಗದ್ದುಗೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಯಾಕೆ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

ನಾನು ಅಲ್ಲಿ ನಿಂತಿದ್ದು ನೋಡುವುದಕ್ಕಲ್ಲ, ಕೇಳುವುದಕ್ಕೆ. ನಾಲ್ಕು ತಿಂಗಳು ನನ್ನ ಗ್ಯಾರೇಜಿನಲ್ಲಿದ್ದ ಒಂದು ಇಟಲಿಯ ಕಾರು ಆ ತಿರುವನ್ನು ಮೂರನೇ ಗೇರಿನಲ್ಲಿ, ಎಂಜಿನ್ನಿನ ಮೇಲೆ ಪೂರ್ತಿ ಭಾರ ಬಿದ್ದಾಗ, ಹೇಗೆ ಉಸಿರಾಡುತ್ತದೆ ಎಂದು ಕೇಳಬೇಕಿತ್ತು. ಎಂಟು ಸಿಲಿಂಡರಿನಲ್ಲಿ ಒಂದು ತಪ್ಪಿದರೂ ಅಂಥ ಕಡೆ ಕಿವಿಗೆ ಸಿಗುತ್ತದೆ. ಆದರೆ ನಾನು ಕೇಳಿದ್ದಕ್ಕಿಂತ ನೋಡಿದ್ದೇ ದೊಡ್ಡದಾಯಿತು. ಆಗಿನಿಂದ ಇದನ್ನು ಊರಿಗೆ ಹೇಳದೆ ಇಟ್ಟುಕೊಂಡಿದ್ದೇನೆ.

ಕಾರು ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರರದು. ಊರಲ್ಲಿ ಅವರನ್ನು ಸಾಹುಕಾರ್ರು ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಅವರು ಪ್ರಾಯದಲ್ಲಿ ಒಣದ್ರಾಕ್ಷಿ ಲಾರಿಯ ಜೊತೆ ಮುಂಬಯಿಗೆ ಹೋಗಿದ್ದಾಗ ಒಂದು ಸಿಗ್ನಲ್ಲಿನಲ್ಲಿ ಇಂಥದೇ ಕಾರು ಲಾರಿಯ ಪಕ್ಕ ಬಂದು ನಿಂತಿತಂತೆ. ಕ್ಯಾಬಿನ್ನಿನಿಂದ ಬಗ್ಗಿ ನೋಡಿದರೆ ಕೆಳಗೆ ಅದರ ಛಾವಣಿ ಮಾತ್ರ ಕಂಡಿತು. ಹಸಿರು ದೀಪ ಬಿದ್ದ ಕೂಡಲೇ ಅದು ಹೋಯಿತು, ಸದ್ದು ಉಳಿಯಿತು. "ಆ ಸಪ್ಪಳ ಕಿವಿಗೆ ಬರಲಿಲ್ಲ ಮಿಸ್ತ್ರಿ, ಅಂಗಾಲಾಗ ಬಂತು" ಎಂದು ನನಗೆ ಹೇಳಿದ್ದರು. ಎಷ್ಟೋ ವರ್ಷಗಳ ಮೇಲೆ ಮುಂಬಯಿಯ ಒಂದು ಮನೆತನದವರು ಓಡದೆ ನಿಂತಿದ್ದ ಕಾರನ್ನು ಕೊಡುತ್ತಾರೆಂದು ತಿಳಿದಾಗ ಅದನ್ನು ತರಿಸಿ ಶೆಡ್ಡಿನಲ್ಲಿ ಒಣದ್ರಾಕ್ಷಿಯ ಪೆಟ್ಟಿಗೆಗಳ ನಡುವೆ ಇಟ್ಟರು. ಆಮೇಲೆ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿರುವ ನನ್ನ ಗ್ಯಾರೇಜಿಗೆ ಕಳಿಸಿದರು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರಿನ ಕೆಲಸ ಮಾಡುವವನು ಊರಿನಲ್ಲಿ ನಾನೊಬ್ಬನೇ ಉಳಿದಿದ್ದೆ. ಹೊಸ ಗಾಡಿಗಳಲ್ಲಿ ಕಾರ್ಬೋರೇಟರ್ ಇಲ್ಲ, ಹಾಗಾಗಿ ನನ್ನ ಗ್ಯಾರೇಜಿಗೆ ಬರುವವರೂ ಕಡಿಮೆ. ಕೆಲವು ದಿನ ಚಹಾ ತರುವವನ ಹೊರತು ಬೇರೆ ಯಾರ ದನಿಯೂ ಕೇಳುತ್ತಿರಲಿಲ್ಲ.

ಲಾರಿಯಿಂದ ಅದನ್ನು ಇಳಿಸಿದಾಗ ಅಕ್ಕಪಕ್ಕದ ಅಂಗಡಿಗಳವರೆಲ್ಲ ಬಂದರು. ಬಣ್ಣ ಹಳೆಯ ಅರಿಸಿನದಂತೆ ಮಾಸಿದ ಹಳದಿ. ನಿಂತರೆ ನನ್ನ ಸೊಂಟಕ್ಕಿಂತ ಸ್ವಲ್ಪ ಎತ್ತರ. ಮೂತಿ ಚಪ್ಪಟೆ, ದೀಪಗಳು ಕಣ್ಣು ಮುಚ್ಚಿದಂತೆ ಒಳಗೆ ಹೋಗಿದ್ದವು. ಗಾಂಧಿ ಚೌಕದಿಂದ ಜನರೇಟರ್ ರಿಪೇರಿಗೆಂದು ಬಂದಿದ್ದ ಒಬ್ಬ ಕಿರಾಣಿ ವ್ಯಾಪಾರಿ ತಾನೇ ಮುಂದಿನ ಮುಚ್ಚಳ ಎತ್ತಿ ನೋಡಿದ. ಅಲ್ಲಿ ಒಂದು ರೇಡಿಯೇಟರ್, ಒಂದು ಬ್ಯಾಟರಿ, ಸ್ಟೆಪ್ನಿ.

"ಏ ಮಿಸ್ತ್ರಿ, ಎಂಜಿನ್ನ ಕಳವಾಗೇತಲ್ಲೋ!"

ಎಲ್ಲರೂ ನಕ್ಕರು. ನಾನು ಹಿಂದೆ ಹೋಗಿ, ಸೀಟಿನ ಬೆನ್ನ ಹಿಂದಿರುವ ಮುಚ್ಚಳ ಎತ್ತಿ ತೋರಿಸಿದೆ. ಸೀಟಿಗೂ ಹಿಂದಿನ ಗಾಲಿಗಳಿಗೂ ನಡುವೆ ಎಂಜಿನ್ ಅಡ್ಡಲಾಗಿ ಕೂತಿತ್ತು. ಅದರ ತಲೆಯ ಮೇಲೆ ನಾಲ್ಕು ಕಾರ್ಬೋರೇಟರ್, ಒಂದೊಂದಕ್ಕೆ ಎರಡೆರಡು ಬಾಯಿ.

"ನಡುವಿನ್ಯಾಗ ಎಂಜಿನ್ನ ಇಟ್ರ ಸಾಮಾನ ಎಲ್ಲಿ ಇಡೂದು?" ಎಂದು ವ್ಯಾಪಾರಿ ಕೇಳಿದ.

"ಇದು ಸಾಮಾನ ಹೊರೂ ಗಾಡಿ ಅಲ್ರಿ."

"ಮತ್ತ ಏನ್ ಹೊರತೈತಿ?"

ನಾನು ಮುಚ್ಚಳ ಇಳಿಸಿ ಅವನ ಜನರೇಟರಿನ ಕಡೆ ಹೋದೆ.

ಕೆಲಸ ಹೀಗೆ ನಡೆಯಿತು. ಹಳೆಯ ಪೆಟ್ರೋಲು ಕಾರ್ಬೋರೇಟರುಗಳೊಳಗೆ ಒಣಗಿ ಬೆಲ್ಲದ ಪಾಕದಂತೆ ಅಂಟಿತ್ತು. ಪೆಟ್ರೋಲು ಹಾಯುವ ಸಣ್ಣ ರಂಧ್ರದ ಪ್ರತಿಯೊಂದು ಜೆಟ್ ಬಿಚ್ಚಿ, ತೊಳೆದು, ನೈಲಾನ್ ಎಳೆ ತೂರಿಸಿ, ಬೆಳಕಿಗೆ ಹಿಡಿದು ನೋಡಿದೆ. ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಅಳತೆ ಕೆಡುತ್ತದೆ. ಟೈಮಿಂಗ್ ಬೆಲ್ಟುಗಳನ್ನು ಬದಲಿಸದೆ ಎಂಜಿನ್ನನ್ನು ಒಂದು ಸುತ್ತೂ ತಿರುಗಿಸಲಿಲ್ಲ. ಆ ರಬ್ಬರು ಹಳತಾಗಿ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಮುಂಬಯಿಯಿಂದ ಬೆಲ್ಟು ಬರುವವರೆಗೆ ಕಾದೆ. ಮೊದಲು ಬಂದದ್ದು ಬೇರೆ ಮಾದರಿಯದು, ಹಲ್ಲು ಕೂಡಲಿಲ್ಲ. ಮತ್ತೆ ಕಾದೆ.

ದೀಪಾವಳಿಯ ಮುಂಚೆ ಎಂಜಿನ್ ಮೊದಲ ಸಲ ಹೊತ್ತಿಕೊಂಡಿತು, ಆದರೆ ಕುಂಟುತ್ತಿತ್ತು. ಸೈಲೆನ್ಸರಿನ ಪೈಪುಗಳ ಮೇಲೆ ಒಂದೊಂದು ಹನಿ ನೀರು ಬಿಟ್ಟು ನೋಡಿದೆ. ಏಳು ಪೈಪಿನ ಮೇಲೆ ನೀರು ಚುರ್ರೆಂದಿತು, ಒಂದರ ಮೇಲೆ ಹಾಗೇ ಕೂತಿತು. ಆ ಸಿಲಿಂಡರ್ ಸುಡುತ್ತಿಲ್ಲ. ಕಿಡಿ ಇತ್ತು, ಪೆಟ್ರೋಲು ಇತ್ತು. ಎರಡು ವಾರ ಕಾರಣ ಸಿಗಲಿಲ್ಲ. ಕಡೆಗೆ ಕಾರ್ಬೋರೇಟರಿನ ಬುಡದ ಜೋಡಣೆಯ ಸುತ್ತ ಸಿರಿಂಜಿನಿಂದ ನೀರು ತೊಟ್ಟಿಕ್ಕಿಸಿದೆ. ಒಂದು ಕಡೆ ನೀರನ್ನು ಒಳಗೆ ಎಳೆದುಕೊಂಡಿತು, ಎಂಜಿನ್ನಿನ ದನಿ ಬದಲಾಯಿತು. ಕೂದಲೆಳೆಯಷ್ಟು ಬಿರುಕು, ಅಲ್ಲಿಂದ ಕಳ್ಳಗಾಳಿ ಹೋಗುತ್ತಿತ್ತು.

ಆಮೇಲಿನದು ಕಿವಿಯ ಕೆಲಸ. ಎಂಟು ಬಾಯಿಗಳೂ ಒಂದೇ ಪ್ರಮಾಣದಲ್ಲಿ ಗಾಳಿ ಎಳೆಯಬೇಕು. ರಬ್ಬರ್ ನಳಿಗೆಯ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಂದೊಂದೇ ಬಾಯಿಗೆ ಒಯ್ದು ಉಸಿರು ಹೋಲಿಸಬೇಕು. ಹೆಚ್ಚು ಎಳೆಯುವುದು ಬುಸ್ಸೆನ್ನುತ್ತದೆ, ಕಡಿಮೆ ಎಳೆಯುವುದು ಮಲಗಿದ ಮಗುವಿನಂತಿರುತ್ತದೆ. ಸ್ಕ್ರೂ ಅರ್ಧ ಕೂದಲು ತಿರುಗಿಸು, ಮತ್ತೆ ಕೇಳು. ಈ ಕೆಲಸವನ್ನು ಇನ್ನೊಬ್ಬರಿಗೆ ತೋರಿಸಲಾಗುವುದಿಲ್ಲ. ನಳಿಗೆ ಒಂದು, ಕಿವಿ ಒಂದು.

ಡ್ರೈವರ್ ಕಾಕಾ ಬಂದದ್ದು ಆಗ.

ಸಾಹುಕಾರ್ರಿಗೆ ಕಾರಿನಲ್ಲಿ ಕೂರಲು ಆಗುತ್ತಿರಲಿಲ್ಲ. ಒಮ್ಮೆ ಪ್ರಯತ್ನಿಸಿದರು. ಒಳಗೆ ಹೋದರು, ಹೊರಗೆ ತೆಗೆಯಲು ಇಬ್ಬರು ಬೇಕಾಯಿತು. "ಇದರ ಹೊಟ್ಟಿ ನೆಲಕ್ಕ ಹತ್ತತೈತಿ, ನನ್ನ ಹೊಟ್ಟಿ ಸ್ಟೇರಿಂಗಿಗೆ ಹತ್ತತೈತಿ. ಇಬ್ಬರದೂ ಕೂಡೂದಿಲ್ಲ ಬಿಡು" ಎಂದು ತಾವೇ ನಕ್ಕರು. ಓಡಿಸುವುದಕ್ಕೆ ಅವರು ಕಾಖಂಡಕಿಯ ಒಬ್ಬ ಹಳೆಯ ಬಸ್ ಡ್ರೈವರನ್ನು ಕರೆತಂದರು. ಮೂವತ್ತು ವರ್ಷ ಸರಕಾರಿ ಬಸ್ ಓಡಿಸಿ ನಿವೃತ್ತರಾಗಿ, ಆಗ ಒಂದು ಸಾಲಿಯ ಮಕ್ಕಳ ವ್ಯಾನು ಓಡಿಸುತ್ತಿದ್ದರು. ಅವರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಈ ಕಾರಿನ ಗೇರ್ ಎಣ್ಣೆ ಬಿಸಿಯಾಗುವವರೆಗೆ ಎರಡನೇ ಗೇರು ಬೀಳುವುದಿಲ್ಲ. ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಎಂಜಿನ್ನಿಗೆ ಸ್ವಲ್ಪ ಊದಿ, ಒಲಿಸಿ ಹಾಕಬೇಕು. ಹಳೆಯ ಬಸ್ ಓಡಿಸಿದವರಿಗೆ ಅದು ಕಾಲಿನಲ್ಲೇ ಇರುತ್ತದೆ.

ಕಾಕಾ ಮೊದಲ ದಿನ ಕಾರಿನ ಸುತ್ತ ಒಂದು ಸುತ್ತು ಬಂದು, ನನ್ನ ಕೈಯಿಂದ ನಳಿಗೆ ಇಸಿದುಕೊಂಡು ಕಿವಿಗೆ ಹಿಡಿದರು. ಒಂದೊಂದೇ ಬಾಯಿ ಕೇಳಿದರು.

"ಮಿಸ್ತ್ರಿ, ಈ ಮೂರನೇದಕ್ಕ ದಮ್ಮ ಹತ್ತೇತಿ ನೋಡು."

ಬೆಳಗಿನಿಂದ ನಾನು ಒದ್ದಾಡುತ್ತಿದ್ದದ್ದು ಆ ಮೂರನೆಯದರ ಜೊತೆಗೇ. ಆ ಸದ್ದನ್ನು ನನ್ನ ಹಾಗೆ ಕೇಳುವ ಇನ್ನೊಂದು ಕಿವಿ ಇದೆಯೆಂದು ತಿಳಿದಾಗ ಏನನಿಸಿತು ಎಂದು ಬರೆಯಲು ನನಗೆ ಬರುವುದಿಲ್ಲ. ಮರುದಿನದಿಂದ ಎರಡು ಚಹಾ ಹೇಳತೊಡಗಿದೆ.

ವ್ಯಾನಿನ ಕೆಲಸ ಮುಗಿಸಿ ಅವರು ಗಾಂಧಿ ಚೌಕಕ್ಕೆ ಬರುತ್ತಿದ್ದರು, ನಾನು ಬೈಕಿನಲ್ಲಿ ಕರೆತರುತ್ತಿದ್ದೆ. ಹಿಂದೆ ಕೂತ ಅವರ ಬಲಗೈ ಸುಮ್ಮನಿರುತ್ತಿರಲಿಲ್ಲ. ಗುಡಿ ಬಂದರೆ ಎದೆಗೆ, ಹಣೆಗೆ. ದರ್ಗಾ ಬಂದರೆ ಎದೆಗೆ, ಹಣೆಗೆ. ಬೇವಿನ ಬುಡದಲ್ಲಿ ಒಂದು ಕಲ್ಲಿಗೆ ಕುಂಕುಮ ಕಂಡರೂ ಅಷ್ಟೇ. ಕನ್ನಡಿಯಲ್ಲಿ ನೋಡಿ ನಾನು ಕಾಡಿಸುತ್ತಿದ್ದೆ.

"ಏನ್ ಕಾಕಾ, ನಿಮ್ಮ ಕೈಗೆ ರಿಟೈರ್ಮೆಂಟ್ ಇಲ್ಲೇನು?"

"ಮೂವತ್ತ ವರ್ಷ ಒಂದ್ ಕುರಿಮರಿ ಮ್ಯಾಲ ನನ್ನ ಗಾಲಿ ಹೋಗಿಲ್ಲ. ಡ್ಯೂಟಿ ಮಾಡಿದಾಂವ ನಾ ಅಲ್ಲಪಾ, ಈ ಕೈ."

ಇದು ತಮಾಷೆಯಾಗಿ ಹೇಳಿದ್ದಲ್ಲ. ಅಪಘಾತವಿಲ್ಲದ ಸೇವೆಗೆಂದು ಕೊಟ್ಟ ಪ್ರಶಸ್ತಿಪತ್ರವನ್ನು ಅವರು ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಹಾಕಿದ್ದರು.

ಈ ಕಾರು ಬಸ್ಸಿನ ಹಾಗಲ್ಲ ಎಂದು ಅವರಿಗೆ ತಿಳಿಸುವುದು ನನ್ನ ಕೆಲಸವಾಗಿತ್ತು. ಪಕ್ಕದ ತರಕಾರಿಯವನ ನಾಲ್ಕು ಗಾಲಿಯ ಗಾಡಿ ತಂದು, ನಡುವಿಗಿಂತ ಸ್ವಲ್ಪ ಹಿಂದೆ ಒಂದು ಕೆಟ್ಟ ಪಂಪಿನ ಎಂಜಿನ್ ಇಟ್ಟೆ. ಓಡುತ್ತ ತಳ್ಳಿ, ಹೊರಳಿಸಿ, ಹೊರಳುವಾಗ ಒಮ್ಮೆಲೇ ಹಿಡಿದೆ. ಗಾಡಿಯ ಹಿಂಭಾಗ ಜಾರಿ ಮುಂದಕ್ಕೆ ಬಂತು.

"ನೋಡ್ರಿ ಕಾಕಾ. ಇಟಲಿಯವರು ಭಾರ ನಡುವ ಇಟ್ಟಾರ. ಅದಕ್ಕ ಇದು ಎಲ್ಲಿ ಬೇಕಲ್ಲಿ ಹೊರಳತೈತಿ, ನೊಣ ಹೊರಳಿದಂಗ. ಆದ್ರ ತಿರುವಿನ್ಯಾಗ ಎಕ್ಸಿಲೇಟರ್ ಮ್ಯಾಲಿಂದ ಕಾಲ ತೆಗದ್ರಿ ಅಂದ್ರ ಭಾರೆಲ್ಲ ಮುಂದ ಓಡತೈತಿ, ಹಿಂದಿನ ಗಾಲಿ ಹಗುರಾಗಿ ಬಾಲ ತಿರಗತೈತಿ. ಬಸ್ಸಿನ್ಯಾಗ ಹೆದರಿಕಿ ಆದ್ರ ಕಾಲ ತೆಗೀತೀರಿ. ಇದರಾಗ ಹೆದರಿಕಿ ಆದ್ರೂ ಕಾಲ ಇಟ್ಟಲ್ಲೇ ಇಡಬೇಕು."

"ಅಂದ್ರ ಹೆದರೂದ ಬ್ಯಾಡ ಅಂತೀ."

"ಹೆದರ್ರಿ. ಕಾಲಿಗೆ ಹೇಳಬ್ಯಾಡ್ರಿ."

ಅವರು ಬಹಳ ನಕ್ಕರು. ಆದರೆ ಕಲಿತರು. ಊರ ಹೊರಗಿನ ಖಾಲಿ ಲೇಔಟಿನ ಅಗಲ ರಸ್ತೆಯಲ್ಲಿ ವಾರಗಟ್ಟಲೆ ಅಭ್ಯಾಸ ಮಾಡಿದೆವು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಗೇರಿನ ಕೋಲು ಉಕ್ಕಿನ ತಟ್ಟೆಯಲ್ಲಿ ಕೊರೆದ ಓಣಿಗಳಲ್ಲಿ ಓಡಾಡುತ್ತದೆ, ಪ್ರತಿ ಗೇರಿಗೂ 'ಟಣ್' ಎಂಬ ಸದ್ದು. ಮೊದಲನೇ ಗೇರು ಎಡಕ್ಕೆ ಹಿಂದೆ ಇರುತ್ತದೆ. ಎಂಜಿನ್ ನಾಲ್ಕು ಸಾವಿರ ಸುತ್ತಿನವರೆಗೆ ಬರೀ ಒಳ್ಳೆಯ ಎಂಜಿನ್. ಐದು ಸಾವಿರ ದಾಟಿದ ಮೇಲೆ ಕಿವಿಯ ಹಿಂದೆಯೇ ಯಾರೋ ಕೋರಾ ಬಟ್ಟೆಯನ್ನು ಒಂದೇ ಎಳೆತಕ್ಕೆ ಸೀಳಿದಂತೆ ಸದ್ದು ಏರುತ್ತದೆ, ಬೆನ್ನಿಗೆ ಸೀಟು ಬಂದು ಒತ್ತುತ್ತದೆ. ಈಗಿನ ಕಾರುಗಳು ಇದಕ್ಕಿಂತ ಜೋರಾಗಿ ಓಡುತ್ತವೆ, ಅದು ನನಗೂ ಗೊತ್ತು. ಆದರೆ ಅವುಗಳಲ್ಲಿ ಓಟ ಎಲ್ಲೋ ಹೊರಗೆ ನಡೆಯುತ್ತದೆ. ಇದರಲ್ಲಿ ರಸ್ತೆಯ ಒಂದು ಹರಳೂ ಸ್ಟೇರಿಂಗಿನ ಮೂಲಕ ಅಂಗೈಗೆ ಬರುತ್ತಿತ್ತು.

ಒಂದು ಸಂಜೆ ಕಾರು ನಿಲ್ಲಿಸಿ ಕಾಕಾ ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತರು. "ಬಸ್ಸಿಗೆ ಹೇಳಬೇಕು ಮಿಸ್ತ್ರಿ, ಹೇಳಿದ ಮ್ಯಾಲ ಮಾಡತೈತಿ. ಇದು ಹೇಳೂಕಿಂತ ಮೊದಲ ಮಾಡತೈತಿ" ಎಂದರು. ಆ ಲೇಔಟಿನಲ್ಲಿ ಮನೆಗಳಿರಲಿಲ್ಲ. ಗುಡಿಯೂ ಇರಲಿಲ್ಲ, ದರ್ಗಾವೂ ಇರಲಿಲ್ಲ. ಅವು ಇಲ್ಲದಿದ್ದುದಕ್ಕೆ ಅರ್ಥವಿದೆ ಎಂದು ಆಗ ನನಗೆ ಅನಿಸಲಿಲ್ಲ.

ಬಬಲೇಶ್ವರ–ತಿಕೋಟಾ ರಸ್ತೆಗೆ ಹೊಸ ಡಾಂಬರು ಬಿದ್ದಿತ್ತು, ಹಂಪುಗಳನ್ನು ಇನ್ನೂ ಹಾಕಿರಲಿಲ್ಲ. ಹಂಪು ಹಾಕಿದರೆ ಈ ಕಾರಿನ ಹೊಟ್ಟೆ ಅಲ್ಲಿ ದಾಟುವುದಿಲ್ಲ. ಆದ್ದರಿಂದ ಸಾಹುಕಾರ್ರು ಅವಸರ ಮಾಡಿದರು. ಅವರ ತೋಟ ಆ ರಸ್ತೆಯ ತಿಕೋಟಾ ಕಡೆಗಿದೆ. ಕಾರು ತನ್ನ ಗಾಲಿಯ ಮೇಲೆ ತೋಟಕ್ಕೆ ಬರಬೇಕು ಎಂಬುದು ಅವರ ಆಸೆ.

ಅವತ್ತು ಬೆಳಿಗ್ಗೆ ಕಾಕಾ ವಿಜಯಪುರದಿಂದ ಬಬಲೇಶ್ವರದವರೆಗೆ ನಿಧಾನ ಬಂದರು. ಎಣ್ಣೆ ಬಿಸಿಯಾಯಿತು. ಊರ ಹೊರಗೆ ನಿಂತು ನೀರು, ಎಣ್ಣೆ, ಗಾಲಿಯ ಗಾಳಿ ನೋಡಿದೆ. ತಿರುವಿನಲ್ಲಿ ಮೂರನೇ ಗೇರು, ಎಂಬತ್ತರ ಮೇಲೆ ಬೇಡ ಎಂದು ಮಾತಾಯಿತು. "ಕಾಲ ಇಟ್ಟಲ್ಲೇ ಇಡತೀನಿ. ನೀ ಹೋಗಿ ಕಿವಿ ಬಿಚಗೊಂಡ ನಿಂದ್ರು" ಎಂದರು. ನಾನು ಬೈಕಿನಲ್ಲಿ ಮುಂದೆ ಹೋಗಿ, ಮೊದಲು ಹೇಳಿದ ಜಾಗದಲ್ಲಿ ನಿಂತೆ. ಗದ್ದುಗೆಯ ಕಟ್ಟೆಯ ಮೇಲೆ ನಿಂಬೆಹಣ್ಣು, ಸಕ್ಕರೆ ಮಾರುವ ಆಯಿ ಕೂತಿದ್ದಳು. ತಿರುವು ದಾಟಿದ ಮೇಲಿನ ನೇರ ರಸ್ತೆಯಲ್ಲಿ, ಎಡಕ್ಕೆ, ಸಾಹುಕಾರ್ರ ಜೀಪು. ಪಕ್ಕದಲ್ಲಿ ಸಾಹುಕಾರ್ರು ಮತ್ತು ಫೋನು ಹಿಡಿದ, ಅವರ ಶೆಡ್ಡಿನ ಆಳುಗಳನ್ನು ನೋಡಿಕೊಳ್ಳುವ ಮುಕಾದಮ.

ಮೊದಲು ಸದ್ದು ಬಂತು. ಎಂಟೂ ಸರಿಯಿದ್ದವು. ಮೂರನೆಯದಕ್ಕೂ ದಮ್ಮಿರಲಿಲ್ಲ. ಆಮೇಲೆ ಹಳದಿ ಕಂಡಿತು, ರಸ್ತೆಗೆ ಅಂಟಿಕೊಂಡು ಬರುತ್ತಿತ್ತು. ತಿರುವಿಗೆ ಹೊಕ್ಕಾಗ ಸ್ವಲ್ಪವೂ ವಾಲಲಿಲ್ಲ, ದಾರದಿಂದ ಎಳೆದ ಹಾಗೆ ಬಲಕ್ಕೆ ಬಂತು. ಕಾಕಾ ನನ್ನ ಕಡೆಗಿದ್ದರು. ಕಿಟಕಿಯ ಗಾಜು ಇಳಿದಿತ್ತು.

ಅವರು ನನ್ನ ಕಡೆ ನೋಡಿದರು. ಬಲಗೈ ಸ್ಟೇರಿಂಗ್ ಬಿಟ್ಟು ಮೇಲೆದ್ದಿತು. ಅಂಗೈ ತೆರೆದಿತ್ತು, ಬೆರಳುಗಳ ಸಂದಿನಲ್ಲಿ ಬಿಸಿಲು ಕಂಡಿತು. ಕೈ ಎದೆ ಮುಟ್ಟಿದಾಗ ಎಂಜಿನ್ನಿನ ಸದ್ದು ತುಂಬಿತ್ತು. ಹಣೆ ಮುಟ್ಟಿದಾಗ ಸದ್ದು ಬಿತ್ತು. ಕಾಲು ತೆಗೆದಾಗ ಮಾತ್ರ ಈ ಎಂಜಿನ್ ಸೈಲೆನ್ಸರಿನಲ್ಲಿ ಪಟಪಟ ಎನ್ನುತ್ತದೆ. ಆ ಪಟಪಟ ಕೇಳಿತು.

ನನಗೇ ಕೈ ಎತ್ತಿದರು ಎಂದುಕೊಂಡು ನಾನೂ ಕೈ ಎತ್ತಿದ್ದೆ. ನನ್ನ ಕೈ ಇನ್ನೂ ಗಾಳಿಯಲ್ಲಿರುವಾಗಲೇ ಕಾರಿನ ಹಿಂಭಾಗ ಹೊರಗೆ ಜಾರಿತು, ಮೂತಿ ನನ್ನ ಕಡೆ ತಿರುಗಿತು, ಇನ್ನೂ ತಿರುಗಿತು, ಬಂದ ದಾರಿಯನ್ನೇ ನೋಡುತ್ತ ಹಿಂದುಹಿಂದಾಗಿ ರಸ್ತೆ ಬಿಟ್ಟು, ತೊಗರಿ ಕೊಯ್ದ ಹೊಲಕ್ಕಿಳಿದು, ಒಡ್ಡಿನ ಜಾಲಿಗಿಡಕ್ಕೆ ಬಲಮಗ್ಗುಲು ಬಡಿದು ನಿಂತಿತು.

ಧೂಳು ಕೂರುವ ಮೊದಲೇ ನಾನು ಅಲ್ಲಿದ್ದೆ. ಎಂಜಿನ್ ನಿಂತಿತ್ತು, ಆದರೆ ಪೆಟ್ರೋಲಿನ ಪಂಪು ಟಿಕ್ ಟಿಕ್ ಎನ್ನುತ್ತಿತ್ತು. ಕೊಳವೆ ಹರಿದಿದ್ದರೆ ಅದು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸುರಿಯುತ್ತಿರುತ್ತದೆ. ಮೊದಲು ಕೀಲಿ ತಿರುಗಿಸಿದೆ, ಆಮೇಲೆ ಮನುಷ್ಯನನ್ನು ನೋಡಿದೆ. ಆ ಕ್ರಮ ಸರಿ ಎಂದು ನನಗೆ ಗೊತ್ತು, ಆದರೂ ಅದು ನೆನಪಿಗೆ ಬರುತ್ತದೆ. ಕಾಕಾನ ಬಲಗೈ ಮೊಣಕೈ ಕೆಳಗೆ ಬಾಗಬಾರದ ಕಡೆ ಬಾಗಿತ್ತು.

"ಕಾಲ... ಇಟ್ಟಲ್ಲೇ ಇಟ್ಟಿದ್ನೆಲ್ಲೋ ಮಿಸ್ತ್ರಿ" ಎಂದರು.

ಸಾಹುಕಾರ್ರು, ಮುಕಾದಮ ಓಡಿ ಬಂದರು. ಬಾಗಿಲ ಪಕ್ಕ ಮಣ್ಣಿನಲ್ಲಿ ಕಾಕಾನ ಫೋನು ಬಿದ್ದಿತ್ತು, ಗಾಜು ಒಡೆದಿತ್ತು. ಅಂಗಿಯ ಜೇಬಿನಿಂದ ಹಾರಿದ್ದು. ಮುಕಾದಮ ಅದನ್ನು ಎತ್ತಿಕೊಂಡು ನೋಡಿದ, ಸಾಹುಕಾರ್ರ ಮುಖ ನೋಡಿದ. ಜೀಪಿನಲ್ಲಿ ವಿಜಯಪುರದ ಆಸ್ಪತ್ರೆಗೆ ಒಯ್ದೆವು.

ಮುಕಾದಮ ತೆಗೆದ ವಿಡಿಯೋ ಸಂಜೆಯೊಳಗೆ ಊರೆಲ್ಲ ತಿರುಗಿತು. ದೂರದಿಂದ, ಮುಂದಿನ ಗಾಜಿನ ಮೂಲಕ, ಒಂದು ಕೈ ಮುಖದ ಪಕ್ಕಕ್ಕೆ ಏರುವುದು ಕಾಣುತ್ತದೆ. ಮರುಕ್ಷಣ ಕಾರು ತಿರುಗುತ್ತದೆ. ಅದನ್ನು ನೋಡಿದ ಯಾರೂ ಬೇರೆ ಏನು ಅಂದಾರು? ಫೋನಿನಲ್ಲಿ ಮಾತಾಡುತ್ತಿದ್ದ ಎಂದರು. ಸಾಹುಕಾರ್ರೂ ಹಾಗೇ ನಂಬಿದರು. ದೂರು ಕೊಡಲಿಲ್ಲ, ಆಸ್ಪತ್ರೆಯ ಖರ್ಚು ಕೊಟ್ಟರು, ನೋಡಲು ಮಾತ್ರ ಹೋಗಲಿಲ್ಲ. "ಒಂದ್ ಫೋನ್ ತಡಕೊಳ್ಳಾಕ ಆಗಲಿಲ್ಲಲ್ಲ ಆ ಮನಿಶ್ಯಾಗ" ಎಂದು ನನ್ನೆದುರು ಅಂದರು.

ಅಲ್ಲ ಎನ್ನಲು ಆಗ ನನಗೇ ಎಲ್ಲ ಕೂಡಿಬಂದಿರಲಿಲ್ಲ. ಕಾಕಾ ನನಗೆ ಕೈ ಮಾಡಿದರು, ನಾನು ಅಲ್ಲಿ ನಿಲ್ಲಬಾರದಿತ್ತು ಎಂದೇ ಎರಡು ದಿನ ತಿಳಿದಿದ್ದೆ. ಮೂರನೆಯ ದಿನ ಅದೇ ಜಾಗಕ್ಕೆ ಹೋಗಿ ನಿಂತೆ. ತಿಕೋಟಾಕ್ಕೆ ಹೋಗುವ ಒಂದು ಬಸ್ಸು ಬಂತು. ಡ್ರೈವರು ನನ್ನ ಕಡೆ ನೋಡಿ ಎದೆ, ಹಣೆ ಮುಟ್ಟಿಕೊಂಡ. ಬಸ್ಸು ತಿರುವಿನಲ್ಲಿ ಸ್ವಲ್ಪ ನಿಧಾನವಾಯಿತು, ಮತ್ತೆ ಹೋಯಿತು. ನನಗೆ ಪರಿಚಯವಿಲ್ಲದ ಡ್ರೈವರು. ನಾನು ಹಿಂತಿರುಗಿ ಗದ್ದುಗೆ ನೋಡಿದೆ. ಕಾಕಾನ ಬಸ್ಸೂ ಬಹಳ ವರ್ಷ ಇದೇ ದಾರಿಯಲ್ಲಿ ಓಡಿತ್ತು.

ಮೂವತ್ತು ವರ್ಷ ಆ ಕೈ ಏರಿದಾಗೆಲ್ಲ ಕಾಲೂ ಜೊತೆಗೆ ಏರಿದೆ. ಬಸ್ಸಿಗೆ ಅದರಿಂದ ಒಳ್ಳೆಯದೇ ಆಗಿದೆ. ತಿರುವಿನಲ್ಲಿ ವೇಗ ತಗ್ಗಿದೆ, ಕುರಿಮರಿ ಉಳಿದಿದೆ.

ಕಾಕಾನ ಮನೆಗೆ ಮೊದಲ ಸಲ ಹೋದಾಗ ಹೇಳಲಿಲ್ಲ. ಕೈಗೆ ಪ್ಲಾಸ್ಟರಿತ್ತು, ಸೊಸೆ ಚಹಾ ಕೊಟ್ಟಳು. "ನೀ ಅಲ್ಲೇ ನಿಂತಿದ್ದಿ. ಏನ್ ಕಂಡಿ?" ಎಂದು ಕೇಳಿದರು. ಅವರಿಗೆ ತಿರುವಿನ ನೆನಪೇ ಇರಲಿಲ್ಲ. ಕೈ ಎತ್ತಿದ್ದೂ ಇರಲಿಲ್ಲ. ಉಸಿರಾಡಿದ್ದನ್ನು ಯಾರು ನೆನಪಿಡುತ್ತಾರೆ? "ಧೂಳ ಕಂಡೆ ಕಾಕಾ" ಎಂದೆ.

ಬೇಸಿಗೆಯಲ್ಲಿ ಕೈ ಕೂಡಿತು, ಹೆಸರು ಕೂಡಲಿಲ್ಲ. ಸಾಲಿಯವರು ವ್ಯಾನಿಗೆ ಬೇರೆಯವರನ್ನು ಇಟ್ಟುಕೊಂಡರು. ಮಕ್ಕಳ ತಂದೆತಾಯಿಗಳು ವಿಡಿಯೋ ನೋಡಿದ್ದರು, ಅವರನ್ನು ದೂರುವಂತಿಲ್ಲ. ಕಾಖಂಡಕಿಯ ಬಸ್ ನಿಲ್ದಾಣದಲ್ಲಿ ಯಾರೋ ಕಿವಿಗೆ ಕೈ ಹಚ್ಚಿ "ಹಲೋ ಡ್ರೈವರ್ರ" ಎಂದರಂತೆ. ಆಮೇಲೆ ಕಾಕಾ ಪೇಟೆಗೆ ಬರುವುದನ್ನು ಬಿಟ್ಟರು. ಗ್ಯಾರೇಜಿಗೂ ಬರಲಿಲ್ಲ.

ನನ್ನೆದುರು ಎರಡು ದಾರಿಗಳಿದ್ದವು. ನಾನು ಕಂಡದ್ದನ್ನು ಸಾಲಿಯಲ್ಲಿ, ಸಾಹುಕಾರ್ರಲ್ಲಿ ಹೇಳಿದರೆ ಅವರ ಹೆಸರು ಉಳಿಯಬಹುದು. ಆದರೆ ಹೇಳಿದ ಮಾತು ಅವರ ಕಿವಿಗೂ ಹೋಗುತ್ತದೆ. ಮೂವತ್ತು ವರ್ಷ ಕಾಪಾಡಿತು ಎಂದು ನಂಬಿದ ಆ ಕೈಯೇ ಕೆಡವಿತು ಎಂದು ತಿಳಿದರೆ ಆ ಮನುಷ್ಯನಿಗೆ ಏನು ಉಳಿಯುತ್ತದೆ? ಒಂದು ತಿಂಗಳು ಇದನ್ನೇ ಯೋಚಿಸಿದೆ. ಕೇಳಲು ಯಾರೂ ಇರಲಿಲ್ಲ. ಕಡೆಗೆ, ಬೇರೆ ಯಾರಿಗೂ ಹೇಳುವ ಮೊದಲು ಅವರಿಗೇ ಹೇಳುವುದು, ಮುಂದಿನದು ಅವರು ಅಂದಂತೆ ಎಂದು ನಿಶ್ಚಯಿಸಿ ಕಾಖಂಡಕಿಯ ಬಸ್ ಹತ್ತಿದೆ.

ಅವರು ಪಡಸಾಲೆಯ ಹೊರಸಿನ ಮೇಲೆ ಕೂತಿದ್ದರು. ನಾನು ನಿಂತ ಜಾಗ, ಬಿಸಿಲು ಬಿದ್ದ ಕಡೆ, ಕೈ, ಎದೆ, ಹಣೆ, ಸದ್ದು ಬಿದ್ದ ಗಳಿಗೆ, ಎಲ್ಲ ಹೇಳಿದೆ. ಅವರು ಹೊರಸಿನ ಅಂಚಿಗೆ ಸರಿದು, ಪಾದಗಳನ್ನು ನೆಲಕ್ಕೆ ಊರಿ, ಎದುರಿಗೆ ರಸ್ತೆಯಿದ್ದಂತೆ ನೋಡಿದರು. ಮೆಲ್ಲಗೆ ಬಲಗೈ ಎತ್ತಿದರು. ಎದೆಗೆ, ಹಣೆಗೆ. ಇಬ್ಬರೂ ಅವರ ಬಲಗಾಲನ್ನು ನೋಡುತ್ತಿದ್ದೆವು. ಹಿಮ್ಮಡಿ ನೆಲದಲ್ಲೇ ಇತ್ತು. ಬೆರಳುಗಳು ಮೇಲೆದ್ದವು.

ಇನ್ನೊಮ್ಮೆ ಮಾಡಿದರು. ಮತ್ತೆ ಎದ್ದವು.

"ಎತ್ತತೈತಿ ನೋಡಲೇ" ಎಂದರು. ನಕ್ಕರು. ನಗು ನಿಂತ ಮೇಲೆ ಕಾಲನ್ನು ಹೊರಸಿನ ಮೇಲೆ ಎತ್ತಿಟ್ಟುಕೊಂಡರು.

"ಸಾಲಿಯವರಿಗೆ ನಾ ಹೇಳತೀನಿ ಕಾಕಾ. ಸಾಹುಕಾರ್ರಿಗೂ."

"ಬ್ಯಾಡ."

"ಫೋನ್ ಅಂತಾರಲ್ರಿ ಮಂದಿ!"

"ಅನ್ಲಿ. ಫೋನ್ ಅಂದ್ರ ನನ್ನ ತೆಲಿ ಮ್ಯಾಲ ಬರತೈತಿ. ಇದನ್ನ ಅಂದಿ ಅಂದ್ರ ಗದ್ದುಗ್ಯಾಗಿರೂ ಆತನ ತೆಲಿ ಮ್ಯಾಲ ಬರತೈತಿ. ನಾಳಿ ಆ ತಿರುವಿನ್ಯಾಗ ಹುಡುಗೋರು ಕೈ ಎತ್ತೂದ ಬಿಡತಾರ. ಅಲ್ಲಿ ಕೈ ಎತ್ತಿದಾಂವ ಬಿದ್ದ ಅಂತಾರ. ಅಷ್ಟ ವರ್ಷ ಕಾದಾಂವಗ ನಾ ಕೊಡೂ ಕೂಲಿ ಇದೇನು?"

"ಅದು ಆತಂದೂ ತಪ್ಪಲ್ಲ, ಕೈದೂ ಅಲ್ಲರಿ. ಕಾಲಿಂದು. ಈ ಗಾಡಿಗೆ ಅದು ಗೊತ್ತಿರಲಿಲ್ಲ."

"ನಿನಗ ತಿಳೀತೈತಿ, ನನಗ ತಿಳೀತೈತಿ. ಬಸ್‌ಸ್ಟ್ಯಾಂಡಿನ್ಯಾಗ ನಿಂತಾಂವಗ ತಿಳೀತೈತೇನು?" ನನ್ನನ್ನು ಕಳಿಸಲು ಎದ್ದು, "ನಾ ಇರೂತನ ಸುಮ್ಮಕಿರು. ಆಮ್ಯಾಲ ನಿನ್ನ ಮನಸಿಗೆ ಬಂದಂಗ ಮಾಡು" ಎಂದರು. ಬಾಗಿಲವರೆಗೆ ಬಂದು ಕೇಳಿದರು: "ಆ ಮೂರನೇದು ಹೆಂಗಿತ್ತು ಅವತ್ತ?"

"ಸರ್ಯಾಗಿತ್ತು ಕಾಕಾ. ದಮ್ಮಿರಲಿಲ್ಲ."

"ನನಗೂ ಹಂಗ ಅನಿಸಿತ್ತು."

ಕಾರಿನ ಬಲಮಗ್ಗುಲನ್ನು ಸರಿಮಾಡಿದೆ. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದು ಈಗಲೂ ತಿಕೋಟಾದ ಶೆಡ್ಡಿನಲ್ಲಿ, ತಾಡಪತ್ರಿಯ ಕೆಳಗೆ ಇದೆ. ಸಾಹುಕಾರ್ರು ಅದನ್ನು ಮಾರಲೂ ಇಲ್ಲ, ಹೊರಗೆ ತೆಗೆಯಲೂ ಇಲ್ಲ. ಆಗಾಗ ನಾನು ಹೋಗಿ ಎಂಜಿನ್ ಚಾಲೂ ಮಾಡುತ್ತೇನೆ, ಬಿಸಿಯಾಗುವವರೆಗೆ ನಿಲ್ಲುತ್ತೇನೆ. ನಳಿಗೆ ಕಿವಿಗೆ ಹಿಡಿದು ಎಂಟೂ ಬಾಯಿ ಕೇಳುತ್ತೇನೆ. ಮೂರನೆಯದು ಮತ್ತೆ ಸ್ವಲ್ಪ ಬುಸುಗುಡುತ್ತಿದೆ. ಅದನ್ನು ಹೇಳಿಕೊಳ್ಳಲು ಈಗ ಯಾರೂ ಇಲ್ಲ.

ಹೋದ ಮಳೆಗಾಲದಲ್ಲಿ ಕಾಕಾ ಎದೆನೋವಿನಿಂದ ಹೋದರು. ಮಣ್ಣಿಗೆ ಬಂದವರಲ್ಲಿ ಇಬ್ಬರು ಹಿಂದೆ ನಿಂತು ಫೋನಿನ ಮಾತನ್ನೇ ಆಡುತ್ತಿದ್ದರು. ನಾನು ಮಾತು ಕೊಟ್ಟದ್ದು ಅವರಿರುವವರೆಗೆ. ಆದ್ದರಿಂದ ಈಗ ಬರೆದಿದ್ದೇನೆ. ಗದ್ದುಗೆಯ ಹೆಸರು ಬರೆದಿಲ್ಲ. ಅವರು ಕೇಳಿದ್ದರಲ್ಲಿ ಉಳಿಸಿಕೊಳ್ಳಲು ಸಾಧ್ಯವಾದದ್ದು ಇಷ್ಟು.

ಅವತ್ತು ಅಲ್ಲಿದ್ದವರಲ್ಲಿ ಸಾಹುಕಾರ್ರು ಇದ್ದಾರೆ. ಅವರು ಕಾರನ್ನು ನೋಡುತ್ತಿದ್ದರು, ಮನುಷ್ಯನನ್ನಲ್ಲ. ಮುಕಾದಮ ಇದ್ದಾನೆ. ಅವನು ಫೋನಿನ ಗಾಜಿನಲ್ಲಿ ನೋಡುತ್ತಿದ್ದ. ನಾನಿದ್ದೇನೆ. ಗದ್ದುಗೆಯ ಕಟ್ಟೆಯ ಮೇಲೆ ನಿಂಬೆಹಣ್ಣು ಮಾರುವ ಆಯಿಯೂ ಇದ್ದಾಳೆ. ನನ್ನ ಬೆನ್ನ ಹಿಂದೆ, ನನಗಿಂತ ಒಂದು ಮೊಳ ಎತ್ತರದಲ್ಲಿ ಕೂತಿದ್ದಳು. ಕಾಕಾ ಹೋದ ಮೇಲೆ ಅವಳ ಹತ್ತಿರ ಹೋಗಿ, ಅವತ್ತು ಏನು ಕಂಡಿ ಎಂದು ಕೇಳಿದೆ. ನಿಂಬೆಹಣ್ಣಿಗೆ ನೀರು ಚಿಮುಕಿಸುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು:

"ಬಸ್ಸಿನ ಡ್ರೈವರ ಗದ್ದುಗಿಗೆ ಕೈ ಮುಗದ. ದಿನಾ ಮುಗೀತಿದ್ದ. ನೀ ಯಾಕ ನಡುವ ಕೈ ಎತ್ತಿದ್ದಿ?"